ಹಿತ್ತಲ ಡೆಕ್ಕಿಗೆ ನಾಲ್ಕು ಕಂಬ

ಡೆಕ್ ಎಂಬ ಪದ ಕೇಳಿದರೇ ನನಗೆ ಮೈ ಉರಿಯುತ್ತದೆ. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯ ಹಿತ್ತಲಲ್ಲಿ ಮೂವತ್ತು ವರ್ಷದಿಂದ ಇದ್ದದ್ದು ಒಂದು ಕಟ್ಟೆ. ಕಡಪಾ ಕಲ್ಲು ಹಾಸಿದ, ಬೇವಿನ ಮರದ ನೆರಳಿನ ಸಾದಾ ಕಟ್ಟೆ. ಅದರ ಮೇಲೆ ಸಂಡಿಗೆ ಒಣಗಿಸಿದ್ದೇನೆ, ಮೆಣಸಿನಕಾಯಿ ತೊಟ್ಟು ಬಿಡಿಸಿದ್ದೇನೆ, ಮಗಳು ಅಕ್ಷತಾಳ ತಲೆಗೆ ಎಣ್ಣೆ ಹಚ್ಚಿದ್ದೇನೆ. ನನ್ನ ಗಂಡ ದೊಡ್ಡಬಸವರಾಜ ಅದರ ಮೇಲೆ ಒಂದು ದಿನವೂ ಕೂತವರಲ್ಲ. ಗಾಂಧಿನಗರದ ತಮ್ಮ ಬೀಜ-ಗೊಬ್ಬರದ ಅಂಗಡಿ ಬಿಟ್ಟರೆ ಅವರಿಗೆ ಬೇರೆ ಜಾಗ ಗೊತ್ತಿರಲಿಲ್ಲ. ಗೆಳೆಯ ಚಂದ್ರಣ್ಣನ ಹೊಸ ಮನೆಯ ಹಿತ್ತಲು ನೋಡಿ ಬಂದ ಮೇಲೆ ಮಾತ್ರ ಅವರಿಗೆ ನಮ್ಮ ಕಟ್ಟೆ ಕಂಡರೆ ನಾಚಿಕೆಯಾಗತೊಡಗಿತು.

"ಸುತ್ತ ಕಂಬ ಅದಾವ, ಕಂಬದಾಗ ಲೈಟ್ ಅದಾವ," ಎಂದರು. "ಸಂಜಿ ಆತಂದ್ರ ಕಲ್ಲೇ ಬೆಳಕು ಕೊಟ್ಟಂಗ ಕಾಣತೈತಿ."

"ಅಲ್ಲಿ ಕುಂತು ನಾವೇನು ಮಾಡೋದೈತ್ರಿ?"

"ಮಂದಿ ಬಂದ್ರ ಕುಂದ್ರಸಾಕ ಬೇಕಲ್ಲ."

ಮಂದಿ. ಈ ಮನುಷ್ಯ ಉಂಡದ್ದು, ಉಟ್ಟದ್ದು, ಮಗಳ ಮದುವೆ ಮಾಡಿದ್ದು, ಎಲ್ಲವೂ ಮಂದಿಗಾಗಿ. ನನ್ನ ಕಟ್ಟೆಯೂ ಮಂದಿಯ ಪಾಲಾಯಿತು. ಕಡಪಾ ಕಲ್ಲು ಎಬ್ಬಿಸಿ, ಕಟ್ಟಿಗೆಯಂತೆ ಕಾಣುವ ಟೈಲ್ಸ್ ಹಾಕಿಸಿ, ಅದಕ್ಕೆ ಡೆಕ್ ಎಂದು ಹೆಸರಿಟ್ಟರು. ಕಟ್ಟಿಗೆಯೇ ಬೇಕಿದ್ದರೆ ಕಟ್ಟಿಗೆ ಹಾಕಿಸಬಹುದಿತ್ತು, ಕಲ್ಲು ಬೇಕಿದ್ದರೆ ಕಲ್ಲು ಇದ್ದೇ ಇತ್ತು. ಈ ವೇಷ ಹಾಕಿದ ವಸ್ತು ಕಂಡರೆ ನನಗೆ ಹೇಸಿಗೆ. ಮೇಲಾಗಿ ಬಳ್ಳಾರಿಯ ಬಿಸಿಲಿಗೆ ಮಧ್ಯಾಹ್ನ ಅದರ ಮೇಲೆ ಕಾಲಿಟ್ಟರೆ ಕುಣಿಯಬೇಕು.

ಕಂಬಗಳು ಬಂದದ್ದು ಕುರುಗೋಡಿನಿಂದ. ಅಲ್ಲಿ ಹುಲುಗಪ್ಪ ಎಂಬಾತ ಕೆಡವಿದ ಹಳೆಯ ಮನೆಗಳ ಬಾಗಿಲು, ತೊಲೆ, ಕಲ್ಲು ಎಲ್ಲ ತಂದು ಮಾರುತ್ತಾನೆ. ನಾನು ಆಗ ಸಿರುಗುಪ್ಪದಲ್ಲಿ ಅಕ್ಷತಾಳ ಮನೆಯಲ್ಲಿದ್ದೆ. ಮೊಮ್ಮಗನಿಗೆ ಜ್ವರ ಎಂದು ಹೋದವಳು ಹದಿನೈದು ದಿನ ಉಳಿದಿದ್ದೆ. ಗಂಡ ವಾಟ್ಸಾಪಿಗೆ ಒಂದು ಫೋಟೋ ಕಳಿಸಿದರು. ನೆಲದ ಮೇಲೆ ಮಲಗಿಸಿದ್ದ ನಾಲ್ಕು ಕಂಬ. ನನ್ನ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಸರಿಯಾಗಿ ನೋಡದೆ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿಬಿಟ್ಟೆ.

ನಾನು ಮರಳುವಷ್ಟರಲ್ಲಿ ಕಂಬಗಳನ್ನು ಡೆಕ್ಕಿನ ನಾಲ್ಕು ಮೂಲೆಗೆ ನಿಲ್ಲಿಸಿ ಆಗಿತ್ತು. ಬಂದವಳೇ ಅಡುಗೆಮನೆ ಹೊಕ್ಕೆ. ಸಿಟ್ಟಿಗೆ ಹಿತ್ತಲ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನ ಬೆಳಿಗ್ಗೆ ಲೈಟ್ ಕೂರಿಸಲು ಬಂದ ಜಡೆಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಕರೆದ.

"ಅಮ್ಮಾರ, ಈ ಕಂಬಕ್ಕ ಡ್ರಿಲ್ ಹೊಡಿಯೋದ ಬ್ಯಾಡ್ರಿ. ಲೈಟ್ ಇಡಾಕ ಮೊದ್ಲ ಗೂಡು ಕೊರದಾರ. ಒಳಗ ಎಣ್ಣಿ ಜಿಡ್ಡು ಭಾಳ ಐತಿ. ಆಸಿಡ್ ಹಾಕಿ ತೊಳೀಲೇನ್ರಿ?"

ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೋದೆ. ಗೂಡು ಸೊಂಟದೆತ್ತರಕ್ಕಿತ್ತು. ಒಳಗೆಲ್ಲ ದೀಪದ ಮಸಿ. ಬುಡದಲ್ಲಿ ಒಂದು ಮೂಲೆಗೆ ಅಂಗೈಯಗಲ ಚಕ್ಕೆ ಎದ್ದಿತ್ತು. ಆ ಚಕ್ಕೆ ನನಗೆ ಗೊತ್ತು. ಹದಿನಾಲ್ಕು ವರ್ಷದ ಹಿಂದೆ ಈ ಕಂಬ ಮೊದಲು ನಿಲ್ಲಿಸಿದ ದಿನ ಹಗ್ಗ ಜಾರಿ ಬಿದ್ದು ಎದ್ದದ್ದು. ಒಡೆದ ಕಲ್ಲು ಬೇಡವೆಂದು ನಾನು ಕೆಲಸದವರ ಜೊತೆ ಜಗಳ ತೆಗೆದಿದ್ದೆ; ಅವ್ವ ಇರಲಿ ಬಿಡು ಎಂದಿದ್ದಳು. ಅವ್ವ ಗಿಡ್ಡಾಕಿ, ಅವಳ ಕೈಗೆಟುಕಲಿ ಎಂದು ಗೂಡು ಅಷ್ಟು ಕೆಳಗೆ ಕೊರೆಸಿದವಳೂ ನಾನೇ.

ಅವು ನನ್ನ ಅಪ್ಪನ ಗದ್ದುಗೆಯ ಕಂಬಗಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ. ಹೊಲವಿದ್ದವರು ಸ್ವಂತ ಹೊಲದಲ್ಲೇ. ಅಪ್ಪ ಚಿದಾನಂದಪ್ಪನನ್ನು ಸಿರುಗುಪ್ಪದ ಪಕ್ಕದ ದೇಶನೂರಿನ ಗದ್ದೆಯಲ್ಲಿ ಕೂರಿಸಿ, ಮೇಲೆ ಕಟ್ಟೆ ಕಟ್ಟಿಸಿ, ಸುತ್ತ ನಾಲ್ಕು ಕಂಬ ನಿಲ್ಲಿಸಿ ಚಪ್ಪಡಿ ಹೊದಿಸಿದ್ದೆವು. ದೀಪಾವಳಿ ಅಮಾವಾಸ್ಯೆಗೆ ನಾಲ್ಕು ಗೂಡಿಗೂ ದೀಪ. ಹನ್ನೊಂದು ವರ್ಷ ನನ್ನನ್ನು ಅಲ್ಲಿಗೆ ಕಾರಿನಲ್ಲಿ ಕರೆದೊಯ್ದವರು ನನ್ನ ಗಂಡನೇ. ಆದರೆ ಬೂಟಿಗೆ ಕೆಸರು ಹತ್ತುತ್ತದೆಂದು ಒಂದು ಸಲವೂ ಕೆಳಗಿಳಿಯಲಿಲ್ಲ. ರಸ್ತೆಯಲ್ಲೇ ಕಾರು ನಿಲ್ಲಿಸಿ, ಎಸಿ ಹಾಕಿಕೊಂಡು, ಫೋನಿನಲ್ಲಿ ಗೊಬ್ಬರದ ಸ್ಟಾಕ್ ಕೇಳುತ್ತ ಕೂರುತ್ತಿದ್ದರು. ಅದಕ್ಕೇ ಕುರುಗೋಡಿನಲ್ಲಿ ಗುರುತೇ ಸಿಗದೆ ಮಾವನ ಗದ್ದುಗೆಯ ಕಂಬವನ್ನು ಕೈಯಿಂದ ತಟ್ಟಿ ನೋಡಿ, ಗಟ್ಟಿಯಾಗಿದೆ ಎಂದು ಮೆಚ್ಚಿ ತಂದಿದ್ದರು.

ತಮ್ಮ ಅಮರೇಶನಿಗೆ ಫೋನು ಹಚ್ಚಿದೆ. ಎರಡು ವರ್ಷದ ಹಿಂದೆ ಆ ಗದ್ದೆ ಮಾರಿದವನು ಅವನು. ಗದ್ದುಗೆಯ ಜಾಗ ಬಿಟ್ಟು ಉಳಿದದ್ದು ಮಾರುತ್ತೇನೆ ಎಂದು ನನ್ನ ಸಹಿ ಹಾಕಿಸಿಕೊಂಡಿದ್ದ.

"ಅಪ್ಪನ ಗದ್ದಿಗಿ ಎಲ್ಲೈತೋ?"

"ಅಕ್ಕಾ, ಅದು ಒಂದು ಕಡಿ ವಾಲಿತ್ತು. ಚಪ್ಪಡಿ ಯಾರ ಮ್ಯಾಲರ ಬಿದ್ದೀತು ಅಂತ ಬಿಚ್ಚಿಸಿದೆ. ಕಲ್ಲು ಸುಮ್ನ ಬಿದ್ದಿದ್ವು, ಕುರುಗೋಡಿನಾಂವ ಒಯ್ದ."

"ನನಗ ಒಂದು ಮಾತು ಹೇಳಬೇಕಿತ್ತಿಲ್ಲೋ?"

"ನೀ ಬರೋದ ಬಿಟ್ಟಿದ್ದೆಲ್ಲ ಅಕ್ಕಾ. ಸುಮ್ನ ನಿನಗ್ಯಾಕ ತ್ರಾಸು ಅಂತ."

ಫೋನು ಇಟ್ಟುಬಿಟ್ಟೆ. ಹೆತ್ತ ಅಪ್ಪನ ತಲೆಯ ಮೇಲಿನ ನೆರಳು ಕಿತ್ತು ಮಾರಿದವನು ನನಗೆ ಬುದ್ಧಿ ಹೇಳುತ್ತಾನೆ. ಮೂರು ವರ್ಷದಿಂದ ನಾನು ಹೋಗಿರಲಿಲ್ಲ, ನಿಜ. ಮೊದಲ ವರ್ಷ ಮಂಡಿನೋವು. ಮರುವರ್ಷ ಅಕ್ಷತಾಳ ಬಾಣಂತನ. ಮೂರನೆಯ ವರ್ಷಕ್ಕೆ ಕಾರಣವೇನೂ ಇರಲಿಲ್ಲ. ಆದರೆ ಹೋಗದೆ ಉಳಿಯುವುದೂ ಕಿತ್ತು ಮಾರುವುದೂ ಒಂದೇ ಆಗುತ್ತದೆಯೇ? ಹೀಗೆ ನನಗೆ ನಾನೇ ಹೇಳಿಕೊಂಡೆ.

ಸಂಜೆ ಗಂಡನಿಗೆ ಹೇಳಿದೆ. ಅವರು ಕಂಬವನ್ನೂ ನನ್ನ ಮುಖವನ್ನೂ ನೋಡಿದರು. ನಾಚಿಕೆಯಾಗಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರ ಮುಖ ಅರಳಿತು.

"ಹಂಗಾದ್ರ ಮಾವಾರು ನಮ್ಮನಿಗೇ ಬಂದಂಗಾತಲ್ಲ. ದಿನಾ ಲೈಟ್ ಹಚ್ಚಿದ್ರಾತು. ದೇಶನೂರಿಗೆ ಹೋಗೋ ತ್ರಾಸೂ ತಪ್ಪಿತು."

"ನಾಳಿಗೆ ಬಿಚ್ಚಸ್ರಿ ಇವನ್ನ. ಅಪ್ಪನ ಕಡಿ ಒಯ್ಬೇಕು."

"ಆಯ್ತವಾರ ಮಂದಿ ಬರ್ತಾರ. ಅದೊಂದು ಮುಗೀಲಿ."

ಭಾನುವಾರ ಸಂಜೆ ಮಂದಿ ಬಂದರು, ಹತ್ತು ಹನ್ನೆರಡು ಜನ. ಗೂಡುಗಳಿಂದ ಹಳದಿ ಬೆಳಕು ಬೀಳುತ್ತಿತ್ತು. ಒಗ್ಗರಣೆ ಮಂಡಕ್ಕಿ, ಮಿರ್ಚಿ ನಾನೇ ಮಾಡಿ ಕೊಟ್ಟೆ. ಜಗಳ ಬೇಡ, ಒಂದು ಸಂಜೆ ತಾನೇ ಎಂದು ಹಲ್ಲು ಕಚ್ಚಿ ಸುಮ್ಮನಿದ್ದೆ. ಗಂಡನಾದರೂ ಸುಮ್ಮನಿರಬೇಕಲ್ಲ.

"ಇವು ಎಲ್ಲಿಯವು ಹೇಳು ನೋಡೋಣು, ಚಂದ್ರಣ್ಣ," ಎಂದು ಕಂಬಕ್ಕೆ ಒರಗಿ ಶುರು ಮಾಡಿದರು. "ನಮ್ಮ ಮಾವಾರ ಸಮಾಧಿದು. ಒರಿಜಿನಲ್. ಗೂಡಿನ ಮಸಿ ಸೈತ ಹಂಗ ಬಿಟ್ಟೀನಿ."

ಆಸಿಡ್ ಹಾಕಬೇಡವೆಂದು ಜಡೆಪ್ಪನನ್ನು ತಡೆದವಳು ನಾನು. ಆ ಮಸಿಯನ್ನೂ ಇವರು ತಮ್ಮ ಹೆಸರಿಗೆ ಬರೆದುಕೊಂಡರು.

"ಏನ್ ಪುಣ್ಯಾರಿ ನಿಮ್ದು," ಎಂದ ಚಂದ್ರಣ್ಣ. "ನಮ್ಮವು ಬರೀ ಕಾಂಕ್ರೀಟ್, ಮ್ಯಾಲ ಕಲ್ಲು ಅಂಟಿಸ್ಯಾರ. ಇಂಥಾ ಹಿಸ್ಟರಿ ಎಲ್ಲಿ ಸಿಗಬೇಕು."

ಹೆಂಗಸರು ಕಂಬದ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಒಬ್ಬಾಕೆ ನನ್ನನ್ನೂ ಕರೆದಳು, ಅಪ್ಪನ ಕಂಬದ ಜೊತೆ ಮಗಳೂ ಇರಲಿ ಎಂದು. ಚಂದ್ರಣ್ಣ ಮಿರ್ಚಿ ತಿಂದು ಮುಗಿಸಿದ. ಬೆರಳು ಒರೆಸಿದ ಎಣ್ಣೆಯ ಕಾಗದವನ್ನು ಮುದ್ದೆ ಮಾಡಿ, ಎಲ್ಲಿ ಎಸೆಯುವುದೆಂದು ಆಚೀಚೆ ನೋಡಿ, ಗೂಡಿನಲ್ಲಿ ಲೈಟಿನ ಹಿಂದೆ ತುರುಕಿದ. ನನ್ನ ಗಂಡ ಅದನ್ನು ನೋಡಿದರು. ನೋಡಿಯೂ ಅವನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದರು.

ನಾನು ಗೂಡಿನ ಹತ್ತಿರ ಹೋದೆ. ಕೈ ಹಾಕಿ ಕಾಗದ ತೆಗೆದು ಚಂದ್ರಣ್ಣನ ತಟ್ಟೆಯಲ್ಲಿ, ಆ ಮಿರ್ಚಿಯ ಮೇಲೆಯೇ ಇಟ್ಟೆ. "ಇದು ನಿಮ್ದು," ಎಂದೆ. ಬಂದ ಮಂದಿ ಬೇಗ ಬೇಗ ಎದ್ದು ಹೋದರು.

ಸೋಮವಾರ ಬೆಳಿಗ್ಗೆಯೇ ಜಡೆಪ್ಪನಿಗೆ ಹೇಳಿ ಆಳು, ಕ್ರೇನು, ಒಂದು ಸಣ್ಣ ಲಾರಿ ಕರೆಸಿದೆ. ಗಂಡ ಹಲ್ಲುಜ್ಜುತ್ತ ಬಂದು ಬಾಗಿಲಲ್ಲಿ ನಿಂತರು. ಬೈಯುತ್ತಾರೆ, ಬೈದರೆ ಬಾಯಿಗೆ ಬಂದದ್ದು ಹೇಳಬೇಕು ಎಂದು ನಾನು ಕಾದಿದ್ದೆ.

"ಲೈಟ್ ಅಷ್ಟು ಜ್ವಾಕಿಲೆ ಬಿಚ್ರಪಾ. ಗ್ಲಾಸ್ ಒಡದೀತು," ಎಂದು ಒಳಗೆ ಹೋದರು. ಮೂವತ್ತು ವರ್ಷ ಒಟ್ಟಿಗೆ ಬಾಳಿದವರ ಬಾಯಿಂದ ಬಂದ ಮಾತು ಅಷ್ಟೇ.

ಲಾರಿಯಲ್ಲಿ ಡ್ರೈವರನ ಪಕ್ಕ ಕೂತು ದೇಶನೂರಿಗೆ ಹೋದೆ. ಅಮರೇಶನಿಗೂ ಬರಲು ಹೇಳಿದ್ದೆ. ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬೈಕಿನ ಮೇಲೆ ಬಂದ. ನಾಟಿಯ ಕಾಲ, ಎಲ್ಲಿ ನೋಡಿದರೂ ನೀರು ಕಟ್ಟಿದ ಗದ್ದೆ. ನಮ್ಮ ನಾಲ್ಕು ಮಡಿಗಳನ್ನು ಒಂದೇ ಮಾಡಿದ್ದರು. ಗುರುತಿಗಿದ್ದ ಜಾಲಿಮರ ಇರಲಿಲ್ಲ. ಕಾಲುವೆಯನ್ನೂ ನೇರ ಮಾಡಿದ್ದರು.

"ಇಳಿ," ಎಂದೆ ತಮ್ಮನಿಗೆ. "ಅಪ್ಪ ಎಲ್ಲಿ ಅದಾನ, ಅಲ್ಲಿ ಹೋಗಿ ನಿಂದ್ರು."

ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದ. ಸ್ವಲ್ಪ ದೂರ ಹೋಗಿ ನಿಂತ. ಮತ್ತೆ ಎಡಕ್ಕೆ ಹತ್ತು ಹೆಜ್ಜೆ ಸರಿದ. ಆಮೇಲೆ ತಿರುಗಿ ನನ್ನ ಕಡೆ ನೋಡಿದ. ಆ ನೋಟ ನನಗೆ ಗೊತ್ತು. ಚಿಕ್ಕಂದಿನಲ್ಲಿ ಲೆಕ್ಕ ಬಾರದಿದ್ದರೆ ಹಾಗೇ ನೋಡುತ್ತಿದ್ದ. ಉತ್ತರ ಹೇಳೋಣವೆಂದರೆ ನನಗೂ ಗೊತ್ತಿರಲಿಲ್ಲ. ಲಾರಿಯವನು ಎಲ್ಲಿ ಇಳಿಸಬೇಕೆಂದು ಎರಡು ಸಲ ಕೇಳಿದ.

ಬದುವಿನ ಮೇಲೆ ಸಸಿಯ ಕಟ್ಟು ಹೊತ್ತು ಒಬ್ಬ ಬಂದ. ಹೆಸರು ವಿರೂಪಾಕ್ಷಿ, ಪಕ್ಕದ ಊರಿನವನು, ಹೊಲ ಕೊಂಡವರಿಂದ ಪಾಲಿಗೆ ಹಿಡಿದು ಮಾಡುತ್ತಾನಂತೆ. ಲಾರಿಯ ಮೇಲಿನ ಕಂಬ ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ಗದ್ದಿಗಿ ಹುಡುಕಾಕ ಹತ್ತೀರೇನ್ರಿ? ಅಲ್ಲಿ ಅಲ್ಲ, ಇತ್ತ ಬರ್ರಿ."

ಗದ್ದೆಯ ನಟ್ಟನಡುವೆ ಒಂದು ಮಂಚದಷ್ಟು ಜಾಗಕ್ಕೆ ಸುತ್ತ ಮಣ್ಣಿನ ಬದು ಹಾಕಿದ್ದ. ಒಳಗೆ ನೀರಿರಲಿಲ್ಲ. ಗರಿಕೆ ಬೆಳೆದು, ದೂರಕ್ಕೆ ಅದೂ ಒಂದು ಬದುವಿನಂತೆಯೇ ಕಾಣುತ್ತಿತ್ತು.

"ನಾನೇನೂ ಟ್ರಾಕ್ಟರ್ ಹಾಯಿಸಿಲ್ರಿ. ಕಲ್ಲು ಒಯ್ದ್ರೇನಾತು, ಒಳಗ ಹಿರೇರು ಅದಾರಲ್ಲ," ಎಂದ. ಸಸಿಯ ಕಟ್ಟು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದ. "ಅವರಿಗೆ ಬಳ್ಳಾರ್‍ಯಾಗ ಒಬ್ಬಾಕಿ ಮಗಳು ಅದಾಳಂತ್ರಿ. ಎರಡು ದೀಪಾವಳಿ ನೋಡಿದೆ, ಬರ್ತಾಳೇನೋ ಅಂತ. ಬರಲಿಲ್ಲ. ಎಂಥಾ ಮಕ್ಕಳಿರ್ತಾರ ನೋಡ್ರಿ. ನೀವ್ಯಾರ್ರಿ ಅಮ್ಮಾ?"

ಅಮರೇಶ ಕೆಸರಿನಲ್ಲಿ ನಿಂತಲ್ಲೇ ನನ್ನನ್ನು ನೋಡುತ್ತಿದ್ದ. ಎಂಟು ದಿನದಿಂದ ಗಂಡನ ಮೇಲೆ, ತಮ್ಮನ ಮೇಲೆ, ಚಂದ್ರಣ್ಣನ ಮೇಲೆ ಕಾರುತ್ತಿದ್ದ ಹೇಸಿಗೆಯೆಲ್ಲ ಒಮ್ಮೆಗೇ ನನ್ನ ಕಡೆಗೇ ತಿರುಗಿತು. ಹದಿನೈದು ದಿನ ಸಿರುಗುಪ್ಪದಲ್ಲಿದ್ದೆ. ಅಲ್ಲಿಂದ ಇಲ್ಲಿಗೆ ಎಷ್ಟು ಹೊತ್ತಿನ ದಾರಿ?

"ಕಂಬ ತಂದಾಕಿ," ಎಂದೆ.

ಅವನು ತಲೆಯಾಡಿಸಿ ಲಾರಿಯವನಿಗೆ ದಾರಿ ತೋರಿಸಲು ಹೋದ.