ಮೋಡ ಕವಿದ ವಾರ

ನಿವೃತ್ತನಾದ ಮೇಲೆ ಬಸ್ ಡ್ರೈವರ್ ಹಳೆಯ ಮಿನಿಬಸ್ಸೊಂದನ್ನೇ ಮನೆ ಮಾಡಿಕೊಂಡು ಹೆಂಡತಿಯೊಡನೆ ಊರೂರು ಸುತ್ತುತ್ತಿದ್ದ. ಚಾವಣಿಯ ಸೋಲಾರ್ ಪ್ಯಾನೆಲ್ಲು, ಮಂಚದಡಿಯ ಬ್ಯಾಟರಿಗಳು, ವೈರಿಂಗು ಎಲ್ಲವೂ ಅವನ ಕೈಕೆಲಸವೇ. ಬೇರೆಯವರು ಮುಟ್ಟಿದರೆ ಸಿಡಿಮಿಡಿಗುಟ್ಟುತ್ತಿದ್ದ. ಈಚೆಗೆ ಶ್ವಾಸಕೋಶ ಕೈಕೊಟ್ಟು, ಆಕ್ಸಿಜನ್ ಯಂತ್ರದ ನಳಿಕೆ ಸದಾ ಮೂಗಿಗೆ ಅಂಟಿಕೊಂಡಿತ್ತು. ಅವನ ತಮ್ಮ "ನಮ್ಮನೇಲೇ ಇದ್ದುಬಿಡಿ" ಎಂದು ಗೋಗರೆದಾಗ, ಯಾರ ಹಂಗೂ ಬೇಡವೆಂದು ಜಗಳ ಮಾಡಿಕೊಂಡು ಹೊರಟು ಬಂದಿದ್ದ.

ಬಸ್ಸು ಕೆರೆಯ ಪಕ್ಕದ ಬಯಲಲ್ಲಿ ನಿಂತಿತ್ತು. ಇವರಂತೆಯೇ ಊರು ಸುತ್ತುವ ಹೆಂಗಸೊಬ್ಬಳ ವ್ಯಾನೂ ಅಲ್ಲೇ ಪಕ್ಕದಲ್ಲಿತ್ತು. ಆ ವಾರವೆಲ್ಲ ಮೋಡ ಕದಲಲೇ ಇಲ್ಲ. ಹೆಂಡತಿ ಫ್ರಿಜ್ ಆರಿಸಿದಳು, ಫ್ಯಾನ್ ಆರಿಸಿದಳು.

"ಕರೆಂಟಿರೋ ಕಡೆ ಹೋಗೋಣ ಅಂದ್ರೆ ಕೇಳಲ್ವಲ್ಲ ನೀವು."

"ಮೀಟರ್ ನೋಡು, ಬೇಕಾದಷ್ಟಿದೆ. ಸುಮ್ನೆ ಹೆದರಿಸ್ಬೇಡ."

ಆದರೆ ಬ್ಯಾಟರಿಗಳು ಮುದಿಯಾಗಿದ್ದವು. ಸುಮ್ಮನಿದ್ದಾಗ ಗಟ್ಟಿಮುಟ್ಟಾಗಿ ಕಂಡರೂ, ಆಕ್ಸಿಜನ್ ಯಂತ್ರದ ಭಾರ ಬಿದ್ದರೆ ಕುಸಿಯುತ್ತಿದ್ದವು.

ಒಂದು ಮಧ್ಯಾಹ್ನ ಯಂತ್ರ ಕೀಂಯ್ ಎಂದು ಕೂಗಿ ನಿಂತಿತು. ಇಂಜಿನ್ ಓಡಿಸಿದರೆ ಚಾರ್ಜ್ ಆಗುತ್ತದೆಂದು ಅವಳು ಓಡಿ ಹೋಗಿ ಕೀಲಿ ತಿರುಗಿಸಿದಳು. ಟಕ್ ಎಂದಿತೇ ಹೊರತು ಹೊತ್ತಿಕೊಳ್ಳಲಿಲ್ಲ.

"ಏನ್ ಮಾಡಿದೀರಿ ಇದಕ್ಕೆ?"

"ಇಂಜಿನ್ ಬ್ಯಾಟರಿನೂ... ಈ ಯಂತ್ರಕ್ಕೇ ಸೇರಿಸಿದ್ದೆ," ಎಂದ ಅವನು, ಉಸಿರಿಗೆ ತಡಕಾಡುತ್ತ. "ಬಿಸಿಲು ಬರುತ್ತೆ ಅಂತ..."

ಅವಳು ಬೈಯುವ ಹೊತ್ತಲ್ಲವೆಂದುಕೊಂಡು ಪಕ್ಕದ ವ್ಯಾನಿನವಳ ಬಾಗಿಲು ಬಡಿದಳು. ಆ ಹೆಂಗಸು ವ್ಯಾನನ್ನು ತಂದು ಎದುರಿಗೆ ನಿಲ್ಲಿಸಿ, ದಪ್ಪ ವೈರಿನಿಂದ ಎರಡೂ ಗಾಡಿಗಳ ಬ್ಯಾಟರಿಗಳನ್ನು ಜೋಡಿಸಿದಳು.

"ಈಗಲೇ ಕೀಲಿ ತಿರುಗಿಸ್ಬೇಡಿ. ನಿಮ್ಮದು ಪೂರ್ತಿ ಬತ್ತಿದೆ, ಸ್ವಲ್ಪ ತುಂಬ್ಲಿ."

ಆ ಸ್ವಲ್ಪ ಹೊತ್ತು ಯುಗದಂತೆ ಕಳೆಯಿತು. ಗಂಡನ ತುಟಿ ನೀಲಿಗಟ್ಟುತ್ತಿತ್ತು. ಅವನ ಬೆನ್ನಿಗೆ ಎದೆಯೊಡ್ಡಿ ಕೂತು, "ನಿಧಾನ, ನಿಧಾನ" ಎನ್ನುತ್ತಿದ್ದಳು. ಅವನಿಗೋ ತನಗೋ ಅವಳಿಗೇ ತಿಳಿಯದು. ಕೊನೆಗೆ ಇಂಜಿನ್ ಗುರುಗುಟ್ಟಿತು, ಯಂತ್ರ ಉಸಿರಾಡಿತು.

ಅವನ ಮುಖಕ್ಕೆ ಬಣ್ಣ ಮರಳಿದ ಮೇಲೆ ಅವಳೇ ಸ್ಟಿಯರಿಂಗ್ ಹಿಡಿದಳು.

"ಎಲ್ಲಿಗೆ?"

"ನಿಮ್ಮ ತಮ್ಮನ ಮನೆಗೆ."

"ನಾನು ಬರಲ್ಲ."

"ಇಂಜಿನ್ ನಿಲ್ಲಿಸ್ಲಾ ಹಾಗಾದ್ರೆ?"

ಅವನ ಕೈ ಮೂಗಿನ ನಳಿಕೆಯತ್ತ ಹೋಯಿತು. ಅಂದುಬಿಟ್ಟ ಮಾತು ಅವಳಿಗೇ ಚುಚ್ಚಿತು, ಆದರೂ ಬಸ್ಸು ತಿರುಗಿಸಲಿಲ್ಲ.

ಮನೆ ಮುಂದೆ ಬಸ್ಸು ನಿಂತಾಗ ಮೈದುನ ಏನನ್ನೂ ಕೇಳದೆ, ಅಡುಗೆಮನೆಯ ಕಿಟಕಿಯಿಂದ ಉದ್ದನೆಯ ವೈರ್ ಎಳೆದು ತಂದು ಯಂತ್ರಕ್ಕೆ ಕೊಟ್ಟ. "ಅಣ್ಣ, ಒಳಗೆ ಬಾ," ಎಂದ. ಅಣ್ಣ ಬಸ್ಸಿನ ಮಂಚದಲ್ಲೇ ಗೋಡೆಯ ಕಡೆ ಮುಖ ಮಾಡಿ ಮಲಗಿದ.

"ಹಸಿದಿದೀರೇನೋ. ನೀವಾದ್ರೂ ಬನ್ನಿ, ಅತ್ತಿಗೆ."

ಅವಳು ಬೇಡವೆಂದು ತಲೆಯಾಡಿಸಿ, ಗಂಡನ ಕಾಲ ಬಳಿ ಕುಳಿತಳು. ಅವನು ಕಾಲು ಎಳೆದುಕೊಂಡ.