ಬೈಗುಳಕ್ಕೆ ಕಾದ ಸಾಲು

ನರ್ಸಮ್ಮನ ಕೈ ಮೃದು, ಬಾಯಿ ಮಾತ್ರ ಬೆಂಕಿ. ಆ ಕೈಯಲ್ಲೊಂದು ಬಣ್ಣದ ಕಾಗದದ ಪಟ್ಟಿ. ಮಗುವಿನ ತೋಳಿಗೆ ಸುತ್ತಿ ಎಳೆದರೆ, ಮಗು ಎಷ್ಟು ಬಡಕಲು ಎಂದು ಅದೇ ಹೇಳಿಬಿಡುತ್ತದೆ. ಹಸಿರು ಬಂದರೆ ಮನೆಗೆ ಹೋಗು. ಹಳದಿ ಬಂದರೆ ಮುಂದಿನ ತಿಂಗಳು ಬಾ. ಕೆಂಪು ಬಂದರೆ ಹದಿನೈದು ದಿನಕ್ಕಾಗುವಷ್ಟು ಕಡಲೆಬೀಜದ ಪೇಸ್ಟಿನ ಪೊಟ್ಟಣ. ಪೊಟ್ಟಣಗಳನ್ನು ಸಮುದ್ರದಾಚೆಯ ಯಾರೋ ಪುಣ್ಯಾತ್ಮರು ಕಳಿಸುತ್ತಿದ್ದರು. ಮಕ್ಕಳನ್ನು ಮಾತ್ರ ಊರೇ ಧಾರಾಳವಾಗಿ ಒದಗಿಸುತ್ತಿತ್ತು.

ಇದು ಅವಳ ಮಾಮೂಲಿ ಕೇಂದ್ರವಲ್ಲ. ರೈಲು ಹಳಿಯಾಚೆಯ ಈ ಶಾಲೆಯ ಕೋಣೆಯಲ್ಲಿ ಅಳೆಯಬೇಕಿದ್ದ ನರ್ಸು ಜ್ವರ ಬಂದು ಮಲಗಿದ್ದರಿಂದ ಇವಳನ್ನು ಅಟ್ಟಿದ್ದರು. ಅದಕ್ಕೂ ಮೊದಲೇ ಮನಸ್ಸು ಕೆಟ್ಟಿತ್ತು. ಮನೆಯ ಅಡುಗೆಯವಳು ಯಾರದೋ ಫೋನಿನಿಂದ ಹೊಟ್ಟೆನೋವು ಎಂದು ಹೇಳಿ ಚಕ್ಕರ್ ಹೊಡೆದಿದ್ದಳು. "ಇವರಿಗೆಲ್ಲ ಹೊಟ್ಟೆನೋವು ಸೋಮವಾರವೇ ಬರುತ್ತೆ ನೋಡಿ" ಎಂದು ಗಂಡನ ಮುಂದೆ ಗೊಣಗಿ, ಬ್ರೆಡ್ಡು ಕಚ್ಚಿಕೊಂಡು ಬಸ್ಸು ಹತ್ತಿದ್ದಳು.

ಕೆಂಪು ಬಂದ ಪ್ರತಿ ಮಗುವಿಗೂ ಒಂದು ಫಾರಂ ತುಂಬಬೇಕು. ತಾಯಿಯ ಕೆಲಸವೇನು, ಯಾರ ಬಳಿ, ಎಂಬ ಎರಡು ಪ್ರಶ್ನೆ ಬಂದಾಗಲೆಲ್ಲ ನರ್ಸಮ್ಮನ ರಕ್ತ ಕುದಿಯುತ್ತಿತ್ತು. ಇಟ್ಟಿಗೆ ಹೊರುವವಳು ಕಂಟ್ರಾಕ್ಟರನ ಹೆಸರು ಹೇಳಿದಳು.

"ಅವನೇನು ಅನ್ನ ತಿಂತಾನಾ, ಮಣ್ಣು ತಿಂತಾನಾ? ಮೈ ಮುರಿದು ದುಡಿಯೋಳ ಮಗು ಹೀಗಿದ್ರೆ ಕಣ್ಣಿಗೆ ಕಾಣಲ್ವಂತಾ? ಅವನ ಮನೆ ಹಾಳಾಗ! ಅವನ ಬಾಯಿಗೆ ಹುಳ ಬೀಳ!"

ಸಾಲಿನಲ್ಲಿ ಕಿಸಕ್ಕೆಂದು ನಗು ಹೊರಟಿತು. ಸುಡುಬಿಸಿಲಲ್ಲಿ ನಿಂತ ಹೆಂಗಸರಿಗೆ ಅದೊಂದೇ ತಂಪು. ಇಸ್ತ್ರಿ ಅಂಗಡಿಯ ಹೆಂಗಸಂತೂ ತನ್ನ ಪೊಟ್ಟಣ ಸಿಕ್ಕ ಮೇಲೂ ಹೋಗದೆ, ಮುಂದಿನ ಬೈಗುಳ ಕೇಳಲೆಂದೇ ಬಾಗಿಲ ಬಳಿ ಕಾಲು ಚಾಚಿ ಕೂತುಬಿಟ್ಟಳು.

ನರ್ಸಮ್ಮ ಮುಖ ನೋಡುವವಳಲ್ಲ, ತೋಳು ನೋಡುವವಳು. ಹನ್ನೊಂದರ ಹೊತ್ತಿಗೆ ಮೇಜಿನ ಮೇಲೆ ಬಂದ ತೋಳಿಗೆ ಪಟ್ಟಿ ಸುತ್ತಿದಳು. ಎಳೆದಷ್ಟೂ ಬಂತು. ಕೆಂಪು ಶುರುವಾಗಿ, ಕೆಂಪಿನೊಳಗೇ ಇನ್ನೂ ಬೆರಳಗಲ ಹೋಯಿತು. ಎರಡು ವರ್ಷದ ಗಂಡು ಮಗು ಅಳಲೂ ಇಲ್ಲ, ಕೈ ಹಿಂದೆಳೆದುಕೊಳ್ಳಲೂ ಇಲ್ಲ. ಅಳದ ಮಕ್ಕಳನ್ನು ಕಂಡರೆ ಅವಳಿಗೆ ಭಯ.

"ಏನಮ್ಮ ಕೆಲಸ ನಿಂದು?" ಎಂದು ಬಗ್ಗಿಕೊಂಡೇ ಪೆನ್ನು ಹಿಡಿದಳು.

"ಕೆಲಸ ಇಲ್ಲಮ್ಮ."

ಆ ದನಿಗೆ ತಲೆಯೆತ್ತಿದಳು. ಎದುರಿಗೆ ನಿಂತಿದ್ದವಳು ಅವಳದೇ ಅಡುಗೆಯವಳು. ತಲೆಯ ಬಟ್ಟೆಯನ್ನು ಹುಬ್ಬಿನ ತನಕ ಎಳೆದುಕೊಂಡು ನೆಲ ನೋಡುತ್ತಿದ್ದಳು.

"ಅಯ್ಯೋ, ಸುಳ್ಳು ಯಾಕೇ ಹೇಳ್ತೀಯ?" ಬಾಗಿಲಿಂದ ಇಸ್ತ್ರಿಯವಳು ಕೂಗಿದಳು. "ನಾಲ್ಕು ವರ್ಷದಿಂದ ಹಳಿ ದಾಟಿ ಹೋಗಿ ಅದ್ಯಾರದೋ ಮನೇಲಿ ಬೇಯಿಸಿ ಹಾಕ್ತಿಲ್ವಾ? ಮಗು ಮಧ್ಯಾಹ್ನದ ತನಕ ನನ್ನ ಅಂಗಡೀಲಿ ಬಿದ್ದಿರುತ್ತೆ. ನರ್ಸಮ್ಮ, ಇವಳು ಯಾಕೋ ಹೆದರಿದಾಳೆ. ನಿಮ್ಮನ್ನ ನೋಡಿ ಐದು ಜನರನ್ನ ಮುಂದೆ ಬಿಟ್ಟು ಹಿಂದೆ ಹಿಂದೆ ನಿಂತ್ಲು. ಬರ್ಕೊಳ್ಳಿ ನೀವು, ಬರ್ಕೊಂಡು ಚೆನ್ನಾಗಿ ಉಗೀರಿ ಆ ಮನೆಯವರಿಗೆ!"

"ಉಗೀರಿ, ಉಗೀರಿ" ಎಂದು ಹಿಂದಿನವರೂ ದನಿಗೂಡಿಸಿದರು.

ನರ್ಸಮ್ಮ ಮಗುವಿನ ತೋಳಿನಿಂದ ಪಟ್ಟಿ ಬಿಚ್ಚಿದಳು. ಹಸಿದ ಮಕ್ಕಳನ್ನು ಅಳೆಯುವವಳ ಮನೆಯಲ್ಲಿ ಅನ್ನ ಚೆಲ್ಲಬಾರದೆಂದು ದಿನಾ ಅಕ್ಕಿಯನ್ನು ತಾನೇ ಅಳೆದುಕೊಡುತ್ತಿದ್ದಳು. ಗಂಡ, ಮಗ, ತಾನು. ಮೂರು ಹೊಟ್ಟೆಗೆ ಸರಿಯಾಗಿ, ಪಾತ್ರೆಯ ತಳದಲ್ಲಿ ಒಂದಗುಳೂ ಉಳಿಯದ ಹಾಗೆ. ಅದನ್ನು ನೆಂಟರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಬೇಯಿಸುವವಳಿಗೂ ಒಂದು ಹೊಟ್ಟೆಯಿದೆ, ಅವಳ ಮನೆಯಲ್ಲಿ ಇನ್ನೊಂದು ಕಾಯುತ್ತಿದೆ ಎಂಬುದು ನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳಿಗೆ ಹೊಳೆದಿರಲಿಲ್ಲ. ಕೊಡಬಾರದೆಂಬ ದುಷ್ಟತನವೂ ಅಲ್ಲ, ನೆನಪೇ ಬಂದಿರಲಿಲ್ಲ. ಅದು ಇನ್ನೂ ಕೆಟ್ಟದ್ದು ಅನ್ನಿಸಿತು.

"ಏನು ನರ್ಸಮ್ಮ, ಬಾಯಿ ಕಟ್ಟಿಹೋಯ್ತಾ?" ಇಸ್ತ್ರಿಯವಳು ಬಿಡುವಂತಿರಲಿಲ್ಲ. "ನಿಮಗಾಗದಿದ್ರೆ ನಾನೇ ಹೇಳ್ತೀನಿ. ಅವರ ಮನೆ..."

"ಬೇಡಕ್ಕ!" ಅಡುಗೆಯವಳು ತಟ್ಟನೆ ತಿರುಗಿದಳು. "ಹಾಗೆಲ್ಲ ಅನ್ನಬೇಡ. ಆ ಮನೇಲೂ ಒಂದು ಮಗು ಇದೆ."

ನರ್ಸಮ್ಮ ಫಾರಂ ಎಳೆದುಕೊಂಡಳು. ಕೆಲಸ ಎಂಬಲ್ಲಿ ಅಡುಗೆ ಎಂದು ಬರೆದಳು. ಯಾರ ಬಳಿ ಎಂಬಲ್ಲಿ ಪೆನ್ನು ನಿಂತಿತು. ಎದ್ದು ನಿಂತು ನನ್ನ ಬಳಿಯೇ ಕಣ್ರೇ ಎಂದುಬಿಡಬೇಕು ಅನ್ನಿಸಿತು. ಅಷ್ಟೂ ಮುಖಗಳನ್ನು ನೋಡಿದಳು, ಧೈರ್ಯ ಬರಲಿಲ್ಲ. 'ಗೊತ್ತಿಲ್ಲ' ಎಂದು ಬರೆದಳು.

ಪೊಟ್ಟಣಗಳನ್ನು ಚೀಲಕ್ಕೆ ತುಂಬುವಾಗ ಅಡುಗೆಯವಳು ಮೇಜಿನತ್ತ ಬಗ್ಗಿ ಪಿಸುಗುಟ್ಟಿದಳು: "ಹೊಟ್ಟೆನೋವು ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಮ್ಮ. ಸಂಜೆ ಬಂದು ಪಾತ್ರೆ ತೊಳೆದು ಅಡುಗೆ ಮಾಡಿಟ್ಟು ಹೋಗ್ತೀನಿ."

ಬರಬೇಡ, ಮಗುವಿನ ಹತ್ತಿರ ಇರು ಎನ್ನಲು ಹೊರಟ ನರ್ಸಮ್ಮ, ಕೆಲಸದಿಂದ ತೆಗೆದರು ಅಂದುಕೊಂಡಾಳೆಂದು ತಡೆದುಕೊಂಡಳು.

"ಮಗೂನೂ ಕರ್ಕೊಂಡು ಬಾ," ಅಂದಳು. ದನಿ ಅವಳ ಕಿವಿಗೇ ಕೇಳಿಸಲಿಲ್ಲ.

ಅಡುಗೆಯವಳು ಗಾಬರಿಯಾಗಿ ತಲೆಯಾಡಿಸಿದಳು.

"ಬೇಡಮ್ಮ, ಅವನು ಸುಮ್ಮನಿರಲ್ಲ. ಅಡುಗೆ ವಾಸನೆ ಬಂದ್ರೆ ಅಳೋಕೆ ಶುರು ಮಾಡ್ತಾನೆ. ನಿಮ್ಮ ಮಗ ಓದ್ಕೋಬೇಕಲ್ವಾ?"