ತಡವಾಗಿ ಮುಚ್ಚುವ ಬಾಗಿಲು

ಅಕ್ಕ ತಂಗಿಯ ಪ್ರಯೋಗಾಲಯಕ್ಕೆ ಬಂದದ್ದು ಅದೇ ಮೊದಲು. ಮಗಳು ಪುಟ್ಟಿಯನ್ನು ಗಂಡನ ತೆಕ್ಕೆಗೆ ಒಪ್ಪಿಸಿ ಒಬ್ಬಳೇ ಬಂದಿದ್ದಳು. ಪುಟ್ಟಿಗೆ ಎಳೆಗೂಸಾಗಿದ್ದಾಗಿನಿಂದ ಫಿಟ್ಸ್. ಈಗ ಆರು ತುಂಬಿದರೂ ಮಾತು ಬಂದಿಲ್ಲ, ನಗು ಮಾತ್ರ ಧಾರಾಳ. ಮಿದುಳಿನ ಒಂದು ಕಿಣ್ವ ಅವಳಲ್ಲಿ ಸರಿಯಾಗಿ ತಯಾರಾಗುವುದಿಲ್ಲ. ತಂಗಿಯ ಸಂಶೋಧನೆ ಅದೇ ಕಿಣ್ವದ ಮೇಲೆ.

"ನೀನು ಫೋನಲ್ಲಿ ಹೇಳೋದೆಲ್ಲ ನನ್ನ ತಲೆ ಮೇಲೇ ಹಾರಿಹೋಗುತ್ತೆ ಕಣೇ. ಕಣ್ಣಾರೆ ತೋರಿಸು," ಎಂದಳು ಅಕ್ಕ.

ತಂಗಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಸೂಕ್ಷ್ಮದರ್ಶಕದ ಕೆಳಗಿನ ತಟ್ಟೆಯಲ್ಲಿ ಪುಟ್ಟಿಯ ಚರ್ಮದ ಚೂರಿನಿಂದ ಬೆಳೆಸಿದ ನರಕೋಶಗಳಿದ್ದವು. ಗಾಜಿನ ನಳಿಕೆಯ ಸೂಜಿತುದಿಯನ್ನು ಒಂದು ಕೋಶಕ್ಕೆ ತಾಗಿಸಿ, ಅದಕ್ಕೆ ಜೋಡಿಸಿದ ಕೊಳವೆಯನ್ನು ಬಾಯಲ್ಲಿಟ್ಟು, ಕೋಶ ತುದಿಗೆ ಅಂಟುವಂತೆ ಮೆಲ್ಲಗೆ ಗಾಳಿ ಎಳೆದಳು.

"ಒಳ್ಳೆ ಜ್ಯೂಸ್ ಹೀರಿದ ಹಾಗೆ ಹೀರ್ತಿದ್ದೀಯಲ್ಲೇ!"

"ನಗಿಸ್ಬೇಡ, ಕೈ ಅಲುಗುತ್ತೆ."

ಪರದೆಯ ಮೇಲೆ ಕೋಶದ ವಿದ್ಯುತ್ತಿನ ಗೆರೆಯೊಂದು ಥಟ್ಟನೆ ಕೆಳಗಿಳಿದು, ತೆವಳುತ್ತಾ ಮೇಲೇರಿತು.

"ಕೋಶದ ಮೈಮೇಲೆ ಕ್ಯಾಲ್ಸಿಯಂ ಒಳಗೆ ಬರೋಕೆ ಸಣ್ಣ ಬಾಗಿಲಿವೆ. ಅವು ತೆರೆದಾಗ ಗೆರೆ ಇಳಿಯುತ್ತೆ, ಮುಚ್ಚಿದಾಗ ಏರುತ್ತೆ. ಆ ಕಿಣ್ವ ಅವಕ್ಕೆ ಫಾಸ್ಫೇಟಿನ ಚೂರು ಅಂಟಿಸುತ್ತೆ. ಅಂಟಿಸಿದ್ರೆ ಬಾಗಿಲು ಬೇಗ ಮುಚ್ಚುತ್ತೆ. ಇಲ್ಲಿ ಅಂಟಿಸೋರಿಲ್ಲ. ಮುಚ್ಚೋದು ತಡವಾಗಿ ಕೋಶ ಕೆರಳುತ್ತೆ."

ಆರೋಗ್ಯವಂತರ ಕೋಶದ ಗೆರೆಯನ್ನೂ ಪಕ್ಕದಲ್ಲಿ ತೋರಿಸಿದಳು. ಅದು ಇಳಿದಷ್ಟೇ ಚುರುಕಾಗಿ ಏರಿತ್ತು. ಅಕ್ಕ ಎರಡನ್ನೂ ಬಹಳ ಹೊತ್ತು ನೋಡಿದಳು.

"ಬಸುರಿಯಾಗಿದ್ದಾಗ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದೆ. ಯಾರಿಗೂ ಹೇಳಿಲ್ಲ. ಅದಕ್ಕೇ ಹೀಗಾಯ್ತೇನೋ ಅಂತ..."

"ಇಲ್ಲಕ್ಕಾ! ಜೀನಿನಲ್ಲಿ ಒಂದೇ ಒಂದು ಅಕ್ಷರ ತಾನಾಗೇ ತಪ್ಪಿದೆ, ಅಷ್ಟೇ. ನೀನು ಬೀಳದಿದ್ರೂ ಹೀಗೇ ಆಗ್ತಿತ್ತು."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೆಳಗಿನಿಂದ ಹೆಣಗಿದ ಮೇಲೆ ಸಿಕ್ಕಿದ್ದ ಕೋಶ ಅದು. ತಂಗಿ ಅದನ್ನು ಅಲ್ಲೇ ಬಿಟ್ಟು ಅಕ್ಕನನ್ನು ತಬ್ಬಿಕೊಂಡಳು. ಕೋಶ ಕೈತಪ್ಪಿ ಗೆರೆ ಚೆಲ್ಲಾಪಿಲ್ಲಿಯಾಯಿತು.

ಮಧ್ಯಾಹ್ನ ಇನ್ನೊಂದು ಕೋಶ ಸಿಕ್ಕಿತು. ಅದರ ಮೇಲೆ ತಂಗಿ ಬಾಗಿಲು ತಡೆಯುವ ಮದ್ದನ್ನು ಹರಿಸಿದಳು. ಗೆರೆಯ ಆಳ ಅರ್ಧಕ್ಕಿಳಿಯಿತು.

"ಇದನ್ನ ಪುಟ್ಟಿಗೆ ಕೊಡಬಹುದಾ?" ಅಕ್ಕ ಪರದೆಯತ್ತ ಬಾಗಿ ಕೇಳಿದಳು.

"ಈಗಲೇ ಇಲ್ಲ. ತಟ್ಟೆಯಿಂದ ಮಗು ತನಕ ತುಂಬಾ ದೂರ."

"ಆಗಲಿ. ಅವಸರ ಮಾಡಿ ಕೆಡಿಸ್ಬೇಡ," ಎಂದು ಅಕ್ಕ ತಂಗಿಯ ಕೆನ್ನೆ ಸವರಿದಳು.

ಸಂಜೆ ಮನೆಯಲ್ಲಿ, ಗಂಡನ ತೊಡೆಯ ಮೇಲೆ ಪುಟ್ಟಿ ನಿದ್ದೆ ಹೋಗಿದ್ದಾಗ, ಅಕ್ಕ ಮೆಟ್ಟಿಲ ವಿಷಯ ಬಾಯಿಬಿಟ್ಟಳು. ಅವನು ಅವಳ ಕೈ ಹಿಡಿದು, "ಅವತ್ತು ನಿನಗೆ ಜೋರಾಗಿ ಪೆಟ್ಟಾಗಿತ್ತಾ?" ಎಂದು ಕೇಳಿದ.